ಮೆಷಿನ್ ಕೂಗಿದರೆ ಮೊದಲು ಏನು ನೋಡಬೇಕು? (ಓದುಗರ ಪ್ರಶ್ನೆ, ಶಾಪ್ ಫ್ಲೋರ್ ಉತ್ತರ)

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿದ್ದವು. ಲೋಹ ಕತ್ತರಿಸುವಾಗ ಮೆಷಿನ್ ಅದುರುತ್ತದೆ, ಕೂಗುತ್ತದೆ, ಜಾಬ್ (ಮೆಷಿನ್‌ನಲ್ಲಿ ಕತ್ತರಿಸುತ್ತಿರುವ ತುಂಡು) ಮೇಲೆ ಗೆರೆ ಬೀಳುತ್ತದೆ, ಏನು ಮಾಡಬೇಕು ಅಂತ. ಹಾಗಾಗಿ ಇಡೀ ಅಂಕಣ ಇದಕ್ಕೇ ಇಟ್ಟಿದ್ದೇನೆ. ಪೀಣ್ಯದಲ್ಲಿ ಫೋರ್‌ಮನ್ ಆಗಿದ್ದಾಗ ನನ್ನ ಬಹುಪಾಲು ಕೆಲಸ ಬೋರಿಂಗ್‌ನದ್ದೇ, ಅಂದರೆ ತೂತಿನ ಒಳಗೋಡೆ ಕೊರೆದು ಅಳತೆಗೆ ತರುವುದು. ಚಾಟರ್ (ಕತ್ತರಿಸುವಾಗ ತಾನೇ ಬೆಳೆಯುವ ಅದುರು) ಜೊತೆ ನನ್ನ ಒಡನಾಟ ಹಳೆಯದು.

ಬಹಳ ಪತ್ರಗಳಲ್ಲಿ ಒಂದೇ ಮಾತಿತ್ತು: "ಆರ್‌ಪಿಎಂ ಇಳಿಸಿ ನೋಡಿದೆ ಸಾರ್, ಹೋಗಲಿಲ್ಲ." ಆರ್‌ಪಿಎಂ ಇಳಿಸುವುದು ಕೊನೆಯ ಮದ್ದು. ಟೂಲ್, ಅದನ್ನು ಹಿಡಿದ ಹೋಲ್ಡರ್, ಜಾಬ್, ಅದನ್ನು ಹಿಡಿದ ಚಕ್, ಮೆಷಿನ್ – ಇವುಗಳಲ್ಲಿ ಯಾವುದು ಬಳುಕುತ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು. ಅದು ಗೊತ್ತಾಗದೆ ಸ್ಪೀಡ್ ಇಳಿಸಿದರೆ ಸೈಕಲ್ ಟೈಮ್ ಮಾತ್ರ ಜಾಸ್ತಿ ಆಗುತ್ತದೆ.

ಬೆಳಗಾವಿಯ ಉದ್ಯಮಬಾಗ್‌ನಿಂದ, ಸಿಎನ್‌ಸಿ ಲೇಥ್ (ಜಾಬ್ ತಿರುಗಿಸಿ ಕತ್ತರಿಸುವ ಕಂಪ್ಯೂಟರ್ ಮೆಷಿನ್) ಆಪರೇಟರ್: ಎರಕದ ಹೌಸಿಂಗ್‌ನಲ್ಲಿ 28 ಮಿ.ಮೀ. ಬೋರ್, ಆಳ 65 ಮಿ.ಮೀ. ನಮ್ಮಲ್ಲಿರುವುದು 16 ಮಿ.ಮೀ. ಉಕ್ಕಿನ ಬೋರಿಂಗ್ ಬಾರ್ (ತುದಿಯಲ್ಲಿ ಕತ್ತರಿಸುವ ಅಲಗು ಇರುವ ಸರಳು), 90 ಮಿ.ಮೀ. ಹೊರಗೆ ಬಿಟ್ಟು ಹಿಡಿದಿದ್ದೇವೆ. ಒಳಗೆ ಹೋಗುತ್ತಿದ್ದ ಹಾಗೆ ಕಿರ್‌ ಅಂತ ಕೂಗಿ ಬೋರ್ ತುಂಬ ಅಲೆ ಬೀಳುತ್ತದೆ. ಫಿನಿಶಿಂಗ್‌ಗೆ 0.2 ಮಿ.ಮೀ. ಬಿಟ್ಟಿರುತ್ತೇವೆ. ಅದುರದ ಹೊಸ ಬಾರ್ ತರಿಸಿ ಎಂದರೆ ಮಾಲೀಕರು ಬೆಲೆ ಕೇಳಿ ಸುಮ್ಮನಾದರು.

ನೀವು ಅಳತೆಗಳನ್ನೆಲ್ಲ ಬರೆದಿದ್ದು ತುಂಬ ಒಳ್ಳೆಯದಾಯಿತು. ಉತ್ತರ ಅದರಲ್ಲೇ ಇದೆ. 90ನ್ನು 16ರಿಂದ ಭಾಗಿಸಿ: 5.6 ಬರುತ್ತದೆ. ಅಂದರೆ ಬಾರ್ ತನ್ನ ದಪ್ಪದ ಐದೂವರೆ ಪಟ್ಟಿಗಿಂತ ಜಾಸ್ತಿ ಹೊರಗೆ ಚಾಚಿಕೊಂಡಿದೆ. ಉಕ್ಕಿನ ಬಾರ್ ನೆಮ್ಮದಿಯಾಗಿ ಕೆಲಸ ಮಾಡುವುದು ದಪ್ಪದ 4 ಪಟ್ಟಿನವರೆಗೆ. ಕಾರ್ಬೈಡ್ ಬಾರ್ ಆದರೆ ಸುಮಾರು 6 ಪಟ್ಟು, ಯಾಕೆಂದರೆ ಕಾರ್ಬೈಡ್ ಉಕ್ಕಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಬಿಗಿ, ಅಂದರೆ ಅಷ್ಟು ಕಡಿಮೆ ಬಳುಕುತ್ತದೆ. ಅದಕ್ಕೂ ಮೇಲೆ ಬೇಕಾದರೆ ಒಳಗೇ ಡ್ಯಾಂಪರ್ ಇರುವ ಬಾರ್ ಬರುತ್ತದೆ. ಅದರ ಹೊಟ್ಟೆಯಲ್ಲಿ ಒಂದು ಭಾರದ ತುಂಡನ್ನು ರಬ್ಬರ್ ಉಂಗುರಗಳ ಮೇಲೆ, ಎಣ್ಣೆಯೊಳಗೆ ತೇಲಿಸಿಟ್ಟಿರುತ್ತಾರೆ. ಬಾರ್ ಒಂದು ಕಡೆ ಬಳುಕಿದಾಗ ಆ ತುಂಡು ಎದುರು ಎಳೆಯುತ್ತದೆ. 10 ಪಟ್ಟು, ಕೆಲವು 14 ಪಟ್ಟಿನವರೆಗೂ ಹೋಗುತ್ತವೆ. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಇಂಥ ಬಾರ್‌ಗಳನ್ನು ಬಹಳ ಕಾಲದಿಂದ ಮಾಡುತ್ತಿದ್ದಾರೆ. ಬೆಲೆ ಜಾಸ್ತಿ, ನಿಜ. ಆದರೆ ನಿಮ್ಮ ಕೆಲಸಕ್ಕೆ ಅದು ಬೇಕಾಗಿಲ್ಲ.

ಬೋರ್ ಆಳ 65 ಮಿ.ಮೀ. ಮಾತ್ರ. 90 ಯಾಕೆ ಹೊರಗಿದೆ? ಬಹುಶಃ ಇದಕ್ಕೂ ಮುಂಚಿನ ಯಾವುದೋ ಆಳದ ಜಾಬ್‌ಗೆ ಹಾಗೆ ಹಿಡಿದು, ಹಾಗೇ ಬಿಟ್ಟಿರುತ್ತಾರೆ. ಶಾಪ್‌ಗಳಲ್ಲಿ ಇದನ್ನು ನಾನು ಪದೇ ಪದೇ ನೋಡಿದ್ದೇನೆ. 75ಕ್ಕೆ ಇಳಿಸಿ. ಬಳುಕು ಉದ್ದದ ಘನದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ 90ರಿಂದ 75ಕ್ಕೆ ಇಳಿಸಿದರೆ ಬಾರ್ 1.7 ಪಟ್ಟು ಬಿಗಿಯಾಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡನೆಯದು ದಪ್ಪ. 28ರ ಬೋರ್‌ಗೆ 20 ಮಿ.ಮೀ. ಬಾರ್ ಹೋಗುತ್ತದೆ, ಚಿಪ್ಸ್ ಹೊರಬರಲು ಜಾಗವೂ ಉಳಿಯುತ್ತದೆ. ದಪ್ಪದ ಲೆಕ್ಕ ಇನ್ನೂ ಜೋರು, ನಾಲ್ಕನೇ ಘಾತ. 16ರ ಬದಲು 20 ಹಾಕಿದರೆ ಬಿಗಿ 2.4 ಪಟ್ಟು. ಎರಡೂ ಸೇರಿದರೆ ಈಗಿರುವುದಕ್ಕಿಂತ 4 ಪಟ್ಟಿಗೂ ಜಾಸ್ತಿ. 75ನ್ನು 20ರಿಂದ ಭಾಗಿಸಿದರೆ 3.75, ಉಕ್ಕಿನ ಮಿತಿಯ ಒಳಗೇ ಬಂತು. ಮಾಲೀಕರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ. ಒಂದು ಮಾಮೂಲಿ 20ರ ಉಕ್ಕಿನ ಬಾರ್‌ಗೆ ಅವರು ಬೇಡ ಅನ್ನಲಾರರು.

ಹಿಡಿಯುವ ರೀತಿಯನ್ನೂ ನೋಡಿ. ದುಂಡು ಬಾರ್ ಮೇಲೆ ನಾಲ್ಕು ಸ್ಕ್ರೂ ಬಿಗಿದರೆ ಬಾರ್ ಆ ನಾಲ್ಕು ಚುಕ್ಕೆಗಳ ಮೇಲೆ ಮಾತ್ರ ಕೂತಿರುತ್ತದೆ. ಸೀಳಿದ ಸ್ಲೀವ್ ಹಾಕಿ ಸುತ್ತಲೂ ಹಿಡಿಯುವಂತೆ ಮಾಡಿ. ಒಳಗೆ ಹಿಡಿದ ಉದ್ದ ಬಾರ್ ದಪ್ಪದ 3ರಿಂದ 4 ಪಟ್ಟು ಇರಲಿ.

ಈಗ ಇನ್ಸರ್ಟ್, ಅಂದರೆ ಬಾರ್ ತುದಿಗೆ ಕೂರಿಸುವ ಕತ್ತರಿಸುವ ಅಲಗು. ಯಾವುದು ಹಾಕಿದ್ದೀರಿ ಅಂತ ಬರೆದಿಲ್ಲ. ಪೆಟ್ಟಿಗೆಯ ಮೇಲಿನ ಸಂಖ್ಯೆಯ ಕೊನೆಯ ಎರಡು ಅಂಕಿ ನೋಡಿ. 08 ಇದ್ದರೆ ಮೂಗಿನ ರೇಡಿಯಸ್ 0.8 ಮಿ.ಮೀ., 04 ಇದ್ದರೆ 0.4. ನೀವು 0.2 ಮಾತ್ರ ತೆಗೆಯುತ್ತಿದ್ದೀರಿ. 0.8ರ ಮೂಗಿನಲ್ಲಿ 0.2 ತೆಗೆದರೆ ಕತ್ತರಿಸುವುದೆಲ್ಲ ಮೂಗಿನ ಗುಂಡಗಿನ ತುದಿಯೇ. ಬಲವೆಲ್ಲ ಬಾರ್‌ಗೆ ಅಡ್ಡವಾಗಿ, ಅದು ಸುಲಭವಾಗಿ ಬಳುಕುವ ದಿಕ್ಕಿಗೇ ಬೀಳುತ್ತದೆ. 04ರ ಇನ್ಸರ್ಟ್ ಹಾಕಿ, ಫಿನಿಶಿಂಗ್‌ಗೆ 0.4ರಿಂದ 0.5 ಬಿಡಿ. "ಕಡಿಮೆ ತೆಗೆದರೆ ಕಡಿಮೆ ಅದುರುತ್ತದೆ" ಅನ್ನುವ ನಂಬಿಕೆ ಬೋರಿಂಗ್‌ನಲ್ಲಿ ಎಷ್ಟೋ ಸಲ ಉಲ್ಟಾ ಆಗುತ್ತದೆ. ಸಿಎನ್‌ಎಂಜಿ ಥರದ ನೆಗೆಟಿವ್ ಇನ್ಸರ್ಟ್ ಬದಲು ಸಿಸಿಎಂಟಿ ಥರದ ಪಾಸಿಟಿವ್ ಇನ್ಸರ್ಟ್ ಹಾಕಿ. ಅದು ತಳ್ಳುವುದು ಕಡಿಮೆ, ಕತ್ತರಿಸುವುದು ಜಾಸ್ತಿ. ತುದಿ ಬೋರ್‌ನ ಸೆಂಟರ್‌ಗಿಂತ ಕೂದಲೆಳೆಯಷ್ಟು ಮೇಲಿರಲಿ. ಕಟ್ ಬಿದ್ದಾಗ ಬಾರ್ ಕೆಳಗೆ ಬಾಗುತ್ತದೆ. ಆಗ ತುದಿಯ ಕೆಳಭಾಗ ಬೋರ್ ಗೋಡೆಗೆ ಉಜ್ಜಬಾರದು.

ಇಷ್ಟೆಲ್ಲ ಆದ ಮೇಲೂ ಸಣ್ಣ ಕೂಗು ಉಳಿದರೆ ಆಗ ಬೇಕಾದರೆ ಆರ್‌ಪಿಎಂ ಇಳಿಸಿ. ಫೀಡ್ (ಟೂಲ್ ಮುಂದೆ ಸಾಗುವ ವೇಗ) ಮಾತ್ರ ಇಳಿಸಬೇಡಿ, ಸ್ವಲ್ಪ ಏರಿಸಿಯೇ ನೋಡಿ.

ಹಾಸನದಿಂದ, ಡಿಪ್ಲೊಮಾ ವಿದ್ಯಾರ್ಥಿ: ನಮ್ಮ ಲ್ಯಾಬ್‌ನ ವಿಎಂಸಿಯಲ್ಲಿ (ಕಟರ್ ತಿರುಗಿಸಿ ಜಾಬ್ ಕತ್ತರಿಸುವ ಕಂಪ್ಯೂಟರ್ ಮೆಷಿನ್) ನಾಲ್ಕು ಹಲ್ಲಿನ ಎಂಡ್‌ಮಿಲ್ ಕಟರ್ 3,700 ಆರ್‌ಪಿಎಂನಲ್ಲಿ ಜೋರಾಗಿ ಕೂಗುತ್ತಿತ್ತು. 4,500ಕ್ಕೆ ಏರಿಸಿದಾಗ ನಿಂತೇ ಹೋಯಿತು. ಏರಿಸಿದರೆ ಇನ್ನೂ ಜಾಸ್ತಿ ಆಗಬೇಕಿತ್ತಲ್ವಾ ಸಾರ್? ಮೇಷ್ಟ್ರಿಗೆ ಕೇಳಿದರೆ ಮೆಷಿನ್ ಸ್ವಭಾವ ಅಂದರು.

ಈ ಪ್ರಶ್ನೆ ಓದಿ ನನಗೆ ಬಹಳ ಖುಷಿಯಾಯಿತು. ಕೂಗು ನಿಂತಿದ್ದಕ್ಕೆ ಸುಮ್ಮನಾಗದೆ ಯಾಕೆ ಅಂತ ಕೇಳಿದ್ದೀರಿ. ಅಮೆರಿಕದ ಎಂಜಿನಿಯರ್ ಎಫ್. ಡಬ್ಲ್ಯೂ. ಟೇಲರ್ 1907ರಲ್ಲೇ, ಮೆಷಿನ್ ಕೆಲಸದವನಿಗೆ ಎದುರಾಗುವ ಸಮಸ್ಯೆಗಳಲ್ಲೆಲ್ಲ ಅತ್ಯಂತ ಗೂಢವಾದದ್ದು ಚಾಟರ್ ಎಂದು ಬರೆದಿದ್ದರು. ಅದರ ಗುಟ್ಟು ಸರಿಯಾಗಿ ಬಿಡಿಸಿಕೊಂಡಿದ್ದು 1950ರ ದಶಕದಲ್ಲಿ. ಇಂಗ್ಲೆಂಡಿನಲ್ಲಿ ಟೊಬಯಾಸ್, ಚೆಕೊಸ್ಲೊವಾಕಿಯದಲ್ಲಿ ಟ್ಲಸ್ಟಿ ಬೇರೆ ಬೇರೆಯಾಗಿ ಇದರ ಮೇಲೆ ಕೆಲಸ ಮಾಡಿದರು.

ಮಣ್ಣಿನ ರಸ್ತೆಯಲ್ಲಿ ಅಲೆಅಲೆಯಾಗಿ ಗುಂಡಿ ಬೀಳುವುದನ್ನು ನೋಡಿದ್ದೀರಲ್ಲ? ಒಂದು ಬಸ್ ಕುಣಿದು ಸಣ್ಣ ಅಲೆ ಮಾಡುತ್ತದೆ. ಹಿಂದೆ ಬಂದ ಬಸ್ ಆ ಅಲೆಯ ಮೇಲೆ ಇನ್ನೂ ಜಾಸ್ತಿ ಕುಣಿದು ಅದನ್ನು ಆಳ ಮಾಡುತ್ತದೆ. ಕಟರ್‌ನಲ್ಲೂ ಇದೇ ನಡೆಯುವುದು. ಒಂದು ಹಲ್ಲು ಹೋಗುವಾಗ ಯಾವುದೋ ಕಾರಣಕ್ಕೆ ಸ್ವಲ್ಪ ಬಳುಕಿ ಮೇಲ್ಮೈ ಮೇಲೆ ಅಲೆ ಬಿಡುತ್ತದೆ. ಮುಂದಿನ ಹಲ್ಲು ಆ ಅಲೆಯನ್ನು ಕತ್ತರಿಸಬೇಕು. ಒಂದು ಕಡೆ ಚಿಪ್ ದಪ್ಪ, ಒಂದು ಕಡೆ ತೆಳು. ದಪ್ಪ ಬದಲಾದ ಹಾಗೆ ಬಲ ಬದಲಾಗುತ್ತದೆ. ಬಲ ಬದಲಾದರೆ ಟೂಲ್ ಮತ್ತೆ ಬಳುಕುತ್ತದೆ. ಹೀಗೆ ಅದುರು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಈಗ ನಿಮ್ಮ 4,500ಕ್ಕೆ ಬರೋಣ. ನಿಮ್ಮ ಟೂಲ್ ಮತ್ತು ಹೋಲ್ಡರ್ ಸೇರಿ ಸೆಕೆಂಡಿಗೆ 600 ಸಲ ಅದುರುವ ಸ್ವಭಾವದ್ದು ಅಂತ ಇಟ್ಟುಕೊಳ್ಳಿ. 4,500 ಆರ್‌ಪಿಎಂನಲ್ಲಿ ನಾಲ್ಕು ಹಲ್ಲು ಅಂದರೆ ಸೆಕೆಂಡಿಗೆ 300 ಹಲ್ಲು ಹಾದುಹೋಗುತ್ತವೆ. ಒಂದು ಹಲ್ಲಿಂದ ಮುಂದಿನ ಹಲ್ಲಿಗೆ ಸರಿಯಾಗಿ ಎರಡು ಪೂರ್ತಿ ಅಲೆ. ಆಗ ಹಿಂದಿನ ಹಲ್ಲು ಏರಿದ ಕಡೆ ಈ ಹಲ್ಲೂ ಏರುತ್ತದೆ, ಇಳಿದ ಕಡೆ ಇಳಿಯುತ್ತದೆ. ಚಿಪ್ ದಪ್ಪ ಒಂದೇ ಥರ ಉಳಿಯುತ್ತದೆ. ಅದುರು ಬೆಳೆಯಲು ಆಹಾರವೇ ಸಿಗುವುದಿಲ್ಲ. 3,700ರಲ್ಲಿ ಲೆಕ್ಕ ಹಾಕಿ: ಸೆಕೆಂಡಿಗೆ ಸುಮಾರು 247 ಹಲ್ಲು, ನಡುವೆ 2.4 ಅಲೆ. ಒಂದಕ್ಕೊಂದು ತಾಳೆ ಇಲ್ಲ, ಅದಕ್ಕೇ ಕೂಗು.

ಇದನ್ನು ನೀವೇ ಅಳೆಯಬಹುದು. ಮೊಬೈಲ್‌ನಲ್ಲಿ ಸದ್ದಿನ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿಕೊಳ್ಳಿ. ಕೂಗುವಾಗ ಎಲ್ಲಕ್ಕಿಂತ ಎತ್ತರದ ಗೆರೆ ಎಷ್ಟು ಹರ್ಟ್ಜ್‌ನಲ್ಲಿದೆ (ಸೆಕೆಂಡಿಗೆ ಎಷ್ಟು ಸಲ ಅದುರು) ನೋಡಿ. ಅದನ್ನು 60ರಿಂದ ಗುಣಿಸಿ, ಹಲ್ಲಿನ ಸಂಖ್ಯೆಯಿಂದ ಭಾಗಿಸಿ. 600 ಹರ್ಟ್ಜ್, 4 ಹಲ್ಲು: 9,000. ಅದರ ಅರ್ಧ 4,500, ಮೂರನೇ ಒಂದು 3,000, ನಾಲ್ಕನೇ ಒಂದು 2,250. ಇವು ನೆಮ್ಮದಿಯ ಜಾಗಗಳು. ಕೂಗಿನ ಹರ್ಟ್ಜ್ ಟೂಲ್‌ನ ಸ್ವಂತ ಹರ್ಟ್ಜ್‌ಗಿಂತ ಸ್ವಲ್ಪ ಮೇಲಿರುತ್ತದೆ, ಹಾಗಾಗಿ ಆ ಸಂಖ್ಯೆಯ ಆಸುಪಾಸು ಹುಡುಕಿ. ಇದ್ದುದರಲ್ಲಿ ಜಾಸ್ತಿ ಆರ್‌ಪಿಎಂನಿಂದ ಶುರು ಮಾಡಿ. ಮೇಲೆ ಹೋದಷ್ಟೂ ನೆಮ್ಮದಿಯ ಜಾಗ ಅಗಲ.

ಆದರೆ ಮೊದಲು ಇದು ನಿಜವಾಗಿ ಚಾಟರ್ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಕಟ್ ಇಲ್ಲದೆ ಖಾಲಿ ತಿರುಗಿಸಿದಾಗಲೂ ಅದುರಿದರೆ ಅದು ಬೇರಿಂಗ್, ಬೆಲ್ಟ್, ಬ್ಯಾಲೆನ್ಸ್‌ನ ವಿಷಯ. ಕಟ್‌ನಲ್ಲಿ ಮಾತ್ರ ಅದುರಿದರೆ ಆರ್‌ಪಿಎಂ ಸ್ವಲ್ಪ ಬದಲಿಸಿ ಆ್ಯಪ್ ನೋಡಿ. ಎತ್ತರದ ಗೆರೆ ಆರ್‌ಪಿಎಂ ಜೊತೆಗೇ ಅದೇ ಪ್ರಮಾಣದಲ್ಲಿ ಸರಿದರೆ ಹಲ್ಲು ಬಡಿಯುವುದೋ, ತಿರುಗುವ ಭಾಗದ ದೋಷವೋ ಇರಬೇಕು. ಹೆಚ್ಚುಕಡಿಮೆ ಅಲ್ಲೇ ನಿಂತರೆ ಚಾಟರ್. ಮದ್ದು ಎರಡಕ್ಕೂ ಬೇರೆ ಬೇರೆ.

ಲೇಥ್‌ನಲ್ಲಿ ಈ ಲೆಕ್ಕ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. 600 ಆರ್‌ಪಿಎಂನಲ್ಲಿ 600 ಹರ್ಟ್ಜ್ ಅಂದರೆ ಒಂದು ಸುತ್ತಿಗೆ 60 ಅಲೆ. ನೆಮ್ಮದಿಯ ಜಾಗಗಳು ಒತ್ತೊತ್ತಾಗಿ ಬಂದು ಮುಚ್ಚಿಹೋಗುತ್ತವೆ. ಅದಕ್ಕೇ ಎಷ್ಟೋ ಸಿಎನ್‌ಸಿ ಲೇಥ್‌ಗಳಲ್ಲಿ ಸ್ಪಿಂಡಲ್ ವೇಗವನ್ನು ಕಟ್ ನಡೆಯುವಾಗಲೇ ಸ್ವಲ್ಪ ಏರಿಸಿ ಇಳಿಸುವ ಸೌಲಭ್ಯ ಕೊಟ್ಟಿರುತ್ತಾರೆ. ಅಲೆಗೆ ತಾಳ ಹಿಡಿಯಲು ಬಿಡದಿರುವುದೇ ಅದರ ಕೆಲಸ.

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ, ರಿಪೇರಿ ಶಾಪ್ ಮಾಲೀಕರು: ನಮ್ಮದು ಹರಿಹರದ ಕಿರ್ಲೋಸ್ಕರ್ ಲೇಥ್, ಹಳೆಯದು. 25 ಮಿ.ಮೀ. ದಪ್ಪ, 600 ಮಿ.ಮೀ. ಉದ್ದದ ಶಾಫ್ಟ್ ತಿರುಗಿಸುವಾಗ ನಡುವೆ ಉಂಗುರ ಉಂಗುರವಾಗಿ ಗೆರೆ ಬರುತ್ತದೆ. ಕೆಲಸ ಶುರು ಮಾಡಿದಾಗ ಇರುವುದಿಲ್ಲ, ಸ್ವಲ್ಪ ಹೊತ್ತಿಗೆ ಶುರುವಾಗುತ್ತದೆ. ಲೇಥ್ ಮಾರಿಬಿಡಲೇ?

ಮಾರಬೇಡಿ. ಆ ಬೆಡ್ (ಮೆಷಿನ್‌ನ ಅಡಿಪೀಠ) ಇನ್ನೂ ಬಹಳ ವರ್ಷ ದುಡಿಯುತ್ತದೆ.

"ಸ್ವಲ್ಪ ಹೊತ್ತಿಗೆ ಶುರುವಾಗುತ್ತದೆ" ಅಂದಿರಲ್ಲ, ಅಲ್ಲೇ ಸುಳಿವು ಇದೆ. ಕಟ್ ನಡೆದಂತೆ ಶಾಫ್ಟ್ ಬಿಸಿಯಾಗುತ್ತದೆ. 600 ಮಿ.ಮೀ. ಉಕ್ಕು 30 ಡಿಗ್ರಿ ಬಿಸಿಯಾದರೆ ಸುಮಾರು 0.2 ಮಿ.ಮೀ. ಉದ್ದವಾಗುತ್ತದೆ. ಒಂದು ಕಡೆ ಚಕ್, ಇನ್ನೊಂದು ಕಡೆ ಟೇಲ್‌ಸ್ಟಾಕ್ ಸೆಂಟರ್, ಅಂದರೆ ಶಾಫ್ಟ್ ತುದಿಗೆ ಒತ್ತಿ ಹಿಡಿಯುವ ಮೊನೆ. ಉದ್ದವಾಗಲು ಜಾಗ ಎಲ್ಲಿದೆ? ಶಾಫ್ಟ್ ನಡುವೆ ಬಿಲ್ಲಿನಂತೆ ಬಾಗುತ್ತದೆ, ಬಾಗಿದ್ದು ತಿರುಗುವಾಗ ಕುಣಿಯುತ್ತದೆ. ನಡುನಡುವೆ ಮೆಷಿನ್ ನಿಲ್ಲಿಸಿ ಸೆಂಟರ್ ಸ್ವಲ್ಪ ಸಡಿಲಿಸಿ ಮತ್ತೆ ಕೂರಿಸಿ. ಕೂಲೆಂಟ್ ಧಾರಾಳವಾಗಿ ಬಿಡಿ. ಟೇಲ್‌ಸ್ಟಾಕ್ ಕ್ವಿಲ್ (ಆ ಮೊನೆಯನ್ನು ಹಿಡಿದು ಮುಂದೆ ಚಾಚುವ ದುಂಡು ಭಾಗ) ಆದಷ್ಟು ಒಳಗಿರಲಿ. ಉದ್ದ ಹೊರಗೆ ಬಂದ ಕ್ವಿಲ್ ಕೂಡ ಬಳುಕುತ್ತದೆ.

ನಿಮ್ಮ ಶಾಫ್ಟ್ ಉದ್ದ ದಪ್ಪದ 24 ಪಟ್ಟು. ಚಕ್ ಮತ್ತು ಸೆಂಟರ್ ನಡುವೆ 10–12 ಪಟ್ಟು ದಾಟಿದರೆ ಆಸರೆ ಬೇಕೇ ಬೇಕು. ಲೇಥ್ ಜೊತೆ ಬಂದ ಟ್ರಾವೆಲಿಂಗ್ ಸ್ಟೆಡಿ ಎಲ್ಲೋ ಮೂಲೆಯಲ್ಲಿ ಬಿದ್ದಿರಬೇಕು, ಹುಡುಕಿ ತೆಗೆಯಿರಿ. ಅದು ಕ್ಯಾರೇಜ್ (ಟೂಲ್ ಹೊತ್ತು ಸಾಗುವ ಭಾಗ) ಜೊತೆಗೇ ಹೋಗಿ ಟೂಲ್ ಎದುರಿಗೇ ಶಾಫ್ಟ್ ಹಿಡಿಯುತ್ತದೆ. ಅದರ ಪ್ಯಾಡ್ ಸವೆದಿದ್ದರೆ ಹಿತ್ತಾಳೆ ಅಥವಾ ಕಂಚಿನದು ಹೊಸದಾಗಿ ಮಾಡಿಸಿ ಹಾಕಿ. ಟೂಲ್ ಶಾಫ್ಟ್‌ಗೆ ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ಎದುರಾಗುವಂತೆ ಇರಲಿ. 45 ಡಿಗ್ರಿ ಟೂಲ್ ತೆಳು ಶಾಫ್ಟ್‌ನ್ನು ಪಕ್ಕಕ್ಕೆ ತಳ್ಳುತ್ತದೆ. 90ರದ್ದು ಬಲವನ್ನು ಉದ್ದಕ್ಕೆ, ಚಕ್ ಕಡೆಗೆ ಕಳಿಸುತ್ತದೆ.

ಇನ್ನು ಹಳೇ ಮೆಷಿನ್‌ಗೆ ಒಂದು ತಪಾಸಣೆ. ಚಕ್ ಕೆಳಗೆ ಮರದ ಸನ್ನೆ ಕೊಟ್ಟು ಮೆಲ್ಲಗೆ ಮೇಲಕ್ಕೆ ಒತ್ತಿ, ಮೇಲೆ ಡಯಲ್ (ಸಣ್ಣ ಕದಲಿಕೆಯನ್ನೂ ಮುಳ್ಳಿನಲ್ಲಿ ತೋರಿಸುವ ಗೇಜ್) ಇಟ್ಟು ನೋಡಿ. ಮುಳ್ಳು ಜಿಗಿದು ಹೋಗಿ ಅಲ್ಲೇ ನಿಂತರೆ ಸ್ಪಿಂಡಲ್ ಬೇರಿಂಗ್ ಸಡಿಲ. ಟೂಲ್‌ಪೋಸ್ಟ್ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಅಲ್ಲೂ ಡಯಲ್ ಇಡಿ. ಅಲ್ಲಾಡಿದರೆ ಅದರ ಕೆಳಗೆ ಜಾರುವ ಭಾಗಗಳಾದ ಕ್ರಾಸ್ ಸ್ಲೈಡ್, ಕಾಂಪೌಂಡ್ ಎರಡರ ಗಿಬ್ (ಸಡಿಲ ತೆಗೆಯುವ ಪಟ್ಟಿ) ಬಿಗಿ ಮಾಡಿ. ಉಪಯೋಗ ಇಲ್ಲದಾಗ ಕಾಂಪೌಂಡನ್ನು ಹಿಂದಕ್ಕೆ ತಂದು ಲಾಕ್ ಮಾಡಿ. ವಿ-ಬೆಲ್ಟ್‌ಗಳಲ್ಲಿ ಒಂದು ಹೊಸದು, ಎರಡು ಹಳೆಯದು ಅಂತ ಹಾಕಬೇಡಿ, ಪೂರ್ತಿ ಸೆಟ್ ಬದಲಿಸಿ. ಕೊನೆಗೆ ಲೆವೆಲ್. ಮೀಟರ್‌ಗೆ 0.02 ಮಿ.ಮೀ. ತೋರಿಸುವ ಸ್ಪಿರಿಟ್ ಲೆವೆಲ್ ಯಾರಿಂದಲಾದರೂ ಎರವಲು ತಂದು ಬೆಡ್‌ನ ಎರಡೂ ತುದಿಯಲ್ಲಿ ಅಡ್ಡಡ್ಡ ಇಟ್ಟು ನೋಡಿ. ತಿರುಚಿಕೊಂಡ ಬೆಡ್ ಮೇಲೆ ಏನು ಮಾಡಿದರೂ ಅರ್ಧ ಕೆಲಸವೇ.

ಶಿವಮೊಗ್ಗದಿಂದ, ಫೌಂಡ್ರಿ ಕೆಲಸಗಾರರು: ನಾವು ಮೆಷಿನ್ ಬೆಡ್‌ಗಳನ್ನು ಎರಕ ಹೊಯ್ಯುತ್ತೇವೆ. ಉಕ್ಕಿನ ಪ್ಲೇಟ್ ವೆಲ್ಡ್ ಮಾಡಿದರೆ ಬೇಗ ಆಗುತ್ತಲ್ಲ, ಎರಕವೇ ಯಾಕೆ ಕೇಳುತ್ತಾರೆ?

ನಿಮ್ಮ ಎರಕದ ಕಬ್ಬಿಣದ ಒಳಗೆ ಗ್ರಾಫೈಟ್ ತೆಳು ಹಾಳೆಗಳ ಥರ ಹರಡಿಕೊಂಡಿರುತ್ತದೆ. ಅದುರು ಬಂದಾಗ ಆ ಹಾಳೆಗಳ ಅಂಚಲ್ಲಿ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಉಕ್ಕು ಎರಕಕ್ಕಿಂತ ಬಿಗಿ ಹೌದು, ಆದರೆ ಅದುರನ್ನು ನುಂಗುವುದಿಲ್ಲ. ಸುತ್ತಿಗೆಯಲ್ಲಿ ತಟ್ಟಿ ನೋಡಿದರೆ ಗೊತ್ತಾಗುತ್ತದೆ: ಉಕ್ಕಿನ ಪ್ಲೇಟ್ ಬಹಳ ಹೊತ್ತು ಮೊಳಗುತ್ತದೆ, ಎರಕ ಬೇಗ ಸುಮ್ಮನಾಗುತ್ತದೆ. ವೆಲ್ಡ್ ಮಾಡಿದ ಬೆಡ್ ಮಾಡುವವರು ಪೊಳ್ಳಿನೊಳಗೆ ಮರಳೋ ಕಾಂಕ್ರೀಟೋ ತುಂಬುವುದು ಈ ಕೊರತೆ ನೀಗಿಸಲಿಕ್ಕೇ. ಕಲ್ಲಿನ ಚೂರನ್ನು ಇಪಾಕ್ಸಿಯಲ್ಲಿ ಕಲಸಿ ಹೊಯ್ದ ಬೆಡ್‌ಗಳೂ ಬರುತ್ತಿವೆ, ಅವು ಎರಕಕ್ಕಿಂತಲೂ ಜಾಸ್ತಿ ನುಂಗುತ್ತವೆ.

ಬೆಂಗಳೂರಿನ ಪೀಣ್ಯದಿಂದ: ಪಕ್ಕದ ಶೆಡ್‌ನಲ್ಲಿ ಪವರ್ ಪ್ರೆಸ್ ಇದೆ. ನಮ್ಮ ಸರ್ಫೇಸ್ ಗ್ರೈಂಡರ್‌ನಲ್ಲಿ (ಸಾಣೆ ವೀಲ್‌ನಿಂದ ಮೇಲ್ಮೈ ಸಮ ಮಾಡುವ ಮೆಷಿನ್) ಜಾಬ್ ಮೇಲೆ ಅಲೆ ಬರುತ್ತದೆ. ಕೆಳಗೆ ರಬ್ಬರ್ ಪ್ಯಾಡ್ ಹಾಕಿದರೆ ಹೋಗುತ್ತದಾ?

ಮೊದಲು ಪ್ರೆಸ್ಸೇ ಕಾರಣವಾ ಅಂತ ನೋಡಿ. ವೀಲ್ ನಿಲ್ಲಿಸಿ, ವೀಲ್ ಹೆಡ್ ಮೇಲೆ ಮ್ಯಾಗ್ನೆಟ್ ಸ್ಟ್ಯಾಂಡ್ ಇಟ್ಟು, ಡಯಲ್ ತುದಿ ಟೇಬಲ್‌ಗೆ ತಾಗಿಸಿ. ಪ್ರೆಸ್ ಬಿದ್ದಾಗಲೆಲ್ಲ ಮುಳ್ಳು ಕುಣಿದರೆ ಪ್ಯಾಡ್ ಉಪಯೋಗಕ್ಕೆ ಬರುತ್ತದೆ, ಆದರೆ ಮೆಷಿನ್ ತೂಕಕ್ಕೆ ಸರಿಹೊಂದುವ ಪ್ಯಾಡ್ ಇರಬೇಕು. ಮುಳ್ಳು ಕದಲದಿದ್ದರೆ ನಿಮ್ಮ ವೀಲ್ ನೋಡಿ. ಫ್ಲ್ಯಾಂಜ್ ಸಮೇತ ಸ್ಟ್ಯಾಂಡ್ ಮೇಲೆ ಬ್ಯಾಲೆನ್ಸ್ ಮಾಡಿ, ಡ್ರೆಸ್ ಮಾಡಿ (ವೀಲ್ ಮೇಲ್ಮೈ ಕೆರೆದು ಸಮ ಮಾಡಿ), ಮತ್ತೊಮ್ಮೆ ಬ್ಯಾಲೆನ್ಸ್ ಮಾಡಿ. ಸಂಜೆ ಕೆಲಸ ಮುಗಿದಾಗ ಕೂಲೆಂಟ್ ಮೊದಲು ನಿಲ್ಲಿಸಿ, ವೀಲನ್ನು ಸ್ವಲ್ಪ ಹೊತ್ತು ಒಣದಾಗಿ ತಿರುಗಲು ಬಿಡಿ. ಇಲ್ಲದಿದ್ದರೆ ನೀರು ವೀಲ್‌ನ ಕೆಳಭಾಗಕ್ಕೆ ಇಳಿದು, ಬೆಳಗ್ಗೆ ಒಂದು ಕಡೆ ಭಾರವಾಗಿರುತ್ತದೆ.

ತುಮಕೂರಿನಿಂದ, ವಿಎಂಸಿ ಆಪರೇಟರ್ ಹೆಣ್ಣುಮಗಳು: ಅಲ್ಯೂಮಿನಿಯಂ ಬ್ರಾಕೆಟ್, ಗೋಡೆ 3 ಮಿ.ಮೀ. ದಪ್ಪ, 40 ಮಿ.ಮೀ. ಎತ್ತರ. ಗೋಡೆ ಅದುರಿ ಕಿವಿ ತೂತಾಗುವಂತೆ ಕಿರುಚುತ್ತದೆ. 12 ಮಿ.ಮೀ. ಕಟರ್ 60 ಮಿ.ಮೀ. ಹೊರಗಿದೆ. ಸೂಪರ್‌ವೈಸರ್ ಫೀಡ್ ಇಳಿಸು ಅನ್ನುತ್ತಾರೆ. ಇಳಿಸಿದರೆ ಇನ್ನೂ ಜಾಸ್ತಿ ಆಗುತ್ತದೆ. ನಾನು ಹೇಳಿದರೆ ಕೇಳುವುದಿಲ್ಲ.

ನೀವು ಕಂಡದ್ದು ಸರಿಯಾಗಿದೆ ತಾಯಿ. ಫೀಡ್ ತೀರಾ ಇಳಿಸಿದರೆ ಹಲ್ಲು ಕತ್ತರಿಸುವ ಬದಲು ಉಜ್ಜುತ್ತದೆ. ಉಜ್ಜಿದರೆ ತೆಳು ಗೋಡೆ ಇನ್ನೂ ಅದುರುತ್ತದೆ. ಇದನ್ನು ಅವರಿಗೆ ಧೈರ್ಯವಾಗಿ ಹೇಳಿ.

ಕಟರ್ 45 ಮಿ.ಮೀ. ಹೊರಗಿದ್ದರೆ ಸಾಕು. 60ರಿಂದ 45ಕ್ಕೆ ಇಳಿಸಿದರೆ 2.4 ಪಟ್ಟು ಬಿಗಿ. ಹೋಲ್ಡರ್ ಗೋಡೆಗೆ ತಾಗದಂತೆ ನೋಡಿಕೊಳ್ಳಿ. ಆಮೇಲೆ ಪ್ರೋಗ್ರಾಂ. ಒಂದು ಬದಿ ಪೂರ್ತಿ 40 ಮಿ.ಮೀ. ಮುಗಿಸಿ ಇನ್ನೊಂದು ಬದಿಗೆ ಹೋಗುತ್ತಿದ್ದರೆ ಅದನ್ನು ಬದಲಿಸಿ. ಮೇಲಿನಿಂದ 5–6 ಮಿ.ಮೀ. ಒಂದು ಬದಿ, ಅಷ್ಟೇ ಇನ್ನೊಂದು ಬದಿ, ಹೀಗೆ ಎರಡೂ ಕಡೆ ಸರದಿಯಲ್ಲಿ ಕೆಳಗೆ ಇಳಿಯಿರಿ. ಪ್ರತಿ ಹಂತದಲ್ಲೂ ಕೆಳಗಿನ ದಪ್ಪ ಲೋಹವೇ ಮೇಲಿನ ತೆಳು ಗೋಡೆಗೆ ಆಸರೆ ಕೊಡುತ್ತದೆ. ಮೊದಲ ಕಟ್‌ನಲ್ಲಿ 0.2–0.3 ಮಿ.ಮೀ. ಬಿಟ್ಟು, ಆ ಹಂತದ ಫಿನಿಶಿಂಗನ್ನೂ ಅಲ್ಲೇ ಮುಗಿಸಿ. ಕೊನೆಗೆ ಇಡೀ ಗೋಡೆಗೆ ಒಂದೇ ಫಿನಿಶ್ ಕಟ್ ಅಂತ ಇಟ್ಟುಕೊಂಡರೆ ಮತ್ತೆ ಕಿರುಚುತ್ತದೆ. ಕ್ಲೈಂಬ್ ಮಿಲ್ಲಿಂಗ್‌ನಲ್ಲೇ (ಹಲ್ಲು ದಪ್ಪ ಚಿಪ್‌ನಿಂದ ಶುರುಮಾಡಿ ತೆಳುವಾಗಿ ಮುಗಿಸುವ ದಿಕ್ಕು) ಮಾಡಿ. ಅಲ್ಯೂಮಿನಿಯಂಗೆ ಅಂತಲೇ ಬರುವ ಚೂಪಾದ ಮೂರು ಹಲ್ಲಿನ ಕಟರ್ ಒಳ್ಳೆಯದು. ಹಲ್ಲುಗಳ ನಡುವಿನ ಅಂತರ ಸಮ ಇಲ್ಲದ ಕಟರ್ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಅಲೆಯ ತಾಳ ತಪ್ಪಿಸುತ್ತದೆ.

ಇಯರ್ ಪ್ಲಗ್ ಇಲ್ಲದೆ ಆ ಮೆಷಿನ್ ಮುಂದೆ ನಿಲ್ಲಬೇಡಿ, ಕೊಡಲೇಬೇಕು ಅಂತ ಕೇಳಿ ಪಡೆಯಿರಿ. ಟ್ರಯಲ್‌ಗೆ ಒಂದು ಪೀಸ್ ಕೇಳಿ, ಈ ಕ್ರಮದಲ್ಲಿ ಓಡಿಸಿ, ಸೂಪರ್‌ವೈಸರ್ ಕೈಗೆ ಕೊಡಿ. ಆಗಲೂ ಗೋಡೆ ಕಿರುಚಿದರೆ ಎಷ್ಟು ಹರ್ಟ್ಜ್‌ನಲ್ಲಿ ಕಿರುಚುತ್ತಿದೆ ಅಂತ ಮೊಬೈಲ್‌ನಲ್ಲಿ ನೋಡಿ, ಆರ್‌ಪಿಎಂ, ಫೀಡ್, ಕಟರ್ ಹಲ್ಲಿನ ಸಂಖ್ಯೆ ಸಮೇತ ಬರೆದು ಕಳಿಸಿ.